ಪಾಠ ಹೇಳುವವರ ಗಳಿಕೆ ಎಲ್ಲಿಂದ?

ರಾತ್ರಿ ಎಂಟೂವರೆಗೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಅಣ್ಣನ ಮಗ ಲ್ಯಾಪ್‌ಟಾಪ್ ತೆರೆದ. ಪುಣೆಯ ವಾಕಡ್‌ನಲ್ಲಿ ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಹಿಡಿದ ಬಾಡಿಗೆ ಮನೆ ಅದು. ಮೂವರೂ ಹಿಂಜವಡಿಯ ಐಟಿ ಕಂಪನಿಗಳಿಗೆ ಹೋಗಿಬರುವವರು. "ಕಾಕಾ, ನೀವೂ ಕೂಡ್ರಿ. ಒಂದು ತಾಸಿನ ಕ್ಲಾಸ್ ಐತಿ, ರೊಕ್ಕ ಏನಿಲ್ಲ" ಎಂದ. ಕರೆನ್ಸಿ ವಹಿವಾಟು ಮಾಡಿಸುವ ಬ್ರೋಕರ್ ಕಂಪನಿಯೊಂದರ ಉಚಿತ ವೆಬಿನಾರ್. ನಮ್ಮ ತಂದೆ ಗದಗಿನ ಹತ್ತಿ ಪೇಟೆಯಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆದವರು. ಬೆಲೆಯ ಏರಿಳಿತದ ಮಾತು ನಮ್ಮ ಮನೆಗೆ ಹೊಸದಲ್ಲ. ಕುತೂಹಲದಿಂದಲೇ ಕೂತೆ.

ಪಾಠ ಹೇಳುತ್ತಿದ್ದ ಹುಡುಗ ಮಾತಿನಲ್ಲಿ ಚುರುಕು. ಹಿಂದಿ, ಇಂಗ್ಲಿಷ್ ಬೆರೆಸಿ, ಪುಣೆಯವರಿಗೆಂದೇ ನಡುವೆ ಎರಡು ಮರಾಠಿ ಮಾತು ಸೇರಿಸಿ ಹೇಳುತ್ತಿದ್ದ. ಪಿಪ್ ಎಂದರೇನು, ಸ್ಪ್ರೆಡ್ ಎಂದರೇನು, ಕ್ಯಾಂಡಲ್ ನೋಡಿ ಏನು ತಿಳಿಯಬೇಕು ಎಂಬುದನ್ನೆಲ್ಲ ಒಪ್ಪವಾಗಿ ಬಿಡಿಸಿದ. ಆಮೇಲೆ ಹಿಂದಿನ ದಿನದ ಯೂರೋ–ಡಾಲರ್ ಚಾರ್ಟ್ ತೆರೆದು, ಇಲ್ಲಿ ಕೊಂಡು ಇಲ್ಲಿ ಮಾರಿದ್ದರೆ ಇಷ್ಟು ಲಾಭ ಎಂದು ಎರಡು ಗೆರೆ ಎಳೆದ. ಪಕ್ಕದ ಚಾಟ್‌ನಲ್ಲಿ "ಪ್ರಾಫಿಟ್ ಬಂತು ಸರ್" ಎಂಬ ಸಂದೇಶಗಳು ಒಂದರ ಹಿಂದೊಂದು ಬರುತ್ತಿದ್ದವು. ಕೊನೆಗೆ 1:500 ಲೆವರೇಜ್ ಸಿಗುತ್ತದೆ ಎಂಬುದನ್ನು ಹಬ್ಬದ ರಿಯಾಯಿತಿ ಸಾರುವ ದನಿಯಲ್ಲಿ ಸಾರಿ, ಕ್ಯೂಆರ್ ಕೋಡ್ ತೋರಿಸಿ, ಇವತ್ತೇ ದುಡ್ಡು ತುಂಬಿದವರಿಗೆ ಬೋನಸ್ ಎಂದ. ಅಣ್ಣನ ಮಗ ಚಾಟ್‌ನಲ್ಲಿ ಒಂದು ಪ್ರಶ್ನೆ ಹಾಕಿದ: ಇದು ಭಾರತದ ಕಾನೂನಿಗೆ ಸರಿಯೇ? ನಿಮ್ಮ ನಂಬರ್ ಕಳಿಸಿ, ನಮ್ಮ ಮ್ಯಾನೇಜರ್ ಫೋನ್ ಮಾಡುತ್ತಾರೆ ಎಂದು ಉತ್ತರ ಬಂತು.

ಆ ಉತ್ತರ ನನ್ನ ತಲೆಯಿಂದ ಹೋಗಲಿಲ್ಲ. ಅಲ್ಲಿಂದೀಚೆಗೆ ಇಂಥ ಪಾಠಗಳನ್ನು ಹುಡುಕಿ ನೋಡುತ್ತ ಬಂದಿದ್ದೇನೆ. ಭಾರತದ ನೋಂದಾಯಿತ ಬ್ರೋಕರುಗಳದ್ದು, ಹೊರದೇಶದ ಕಂಪನಿಗಳದ್ದು, ಅವರ ಏಜೆಂಟರಂತೆ ಟೆಲಿಗ್ರಾಮ್ ಗುಂಪು ನಡೆಸುವವರದ್ದು, ಎಲ್ಲ ಬಗೆಯನ್ನೂ ನೋಡಿದೆ. ಇವುಗಳಲ್ಲಿ ಯಾವುದು ಕಲಿಕೆ, ಯಾವುದು ಗಿರಾಕಿ ಹಿಡಿಯುವ ಬಲೆ? ಒಂದು ತಾಸು ಕೇಳಿಸಿಕೊಂಡವನು ಅದನ್ನು ಹೇಗೆ ತೂಗಿ ನೋಡಬೇಕು?

ಮೊದಲು ಸಂತೆಯ ಗಾತ್ರ ತಿಳಿಯಲಿ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಮೂರು ವರ್ಷಕ್ಕೊಮ್ಮೆ ಮಾಡುವ ಲೆಕ್ಕದ ಪ್ರಕಾರ 2025ರ ಏಪ್ರಿಲ್‌ನಲ್ಲಿ ಜಗತ್ತಿನ ವಿದೇಶಿ ವಿನಿಮಯ ಪೇಟೆಯಲ್ಲಿ ದಿನಕ್ಕೆ 9.6 ಲಕ್ಷ ಕೋಟಿ ಡಾಲರ್ ಕೈ ಬದಲಾಗುತ್ತಿತ್ತು. ಈ ಅಂಕಿ ಬಹುತೇಕ ಎಲ್ಲ ವೆಬಿನಾರ್‌ಗಳ ಮೊದಲ ಸ್ಲೈಡಿನಲ್ಲಿ ಯಾವುದೋ ರೂಪದಲ್ಲಿ ಬರುತ್ತದೆ, ಇಷ್ಟು ದೊಡ್ಡ ಸಮುದ್ರದಲ್ಲಿ ನಿಮಗೊಂದು ಬೊಗಸೆ ಸಿಗದೇ ಎಂಬ ಅರ್ಥದಲ್ಲಿ. ಆ ಸಮುದ್ರ ಬ್ಯಾಂಕುಗಳದ್ದು, ನಿಧಿಗಳದ್ದು, ದೊಡ್ಡ ಕಂಪನಿಗಳದ್ದು. ಮನೆಯಲ್ಲಿ ಕೂತ ಹುಡುಗನ ಆರ್ಡರ್ ಎಷ್ಟೋ ಸಲ ಆ ಸಮುದ್ರವನ್ನು ಮುಟ್ಟುವುದೇ ಇಲ್ಲ.

ಇದನ್ನು ಹತ್ತಿ ಪೇಟೆಯ ಮಾತಿನಲ್ಲಿ ಹೇಳುತ್ತೇನೆ. ದಲಾಲನ ಅಂಗಡಿಗೆ ರೈತ ಮಾಲು ತಂದರೆ, ದಲಾಲ ಅದನ್ನು ಸವಾಲಿಗೆ ಹಾಕಿ, ಬಂದ ಬೆಲೆಯಲ್ಲಿ ತನ್ನ ಕಮಿಷನ್ ಮುರಿದುಕೊಂಡು ಉಳಿದದ್ದು ಕೊಡುತ್ತಾನೆ. ಬೆಲೆ ಏರಲಿ ಇಳಿಯಲಿ, ಮಾಲು ಕೈ ಬದಲಾದರೆ ಅವನ ಪಾಲು ಅವನಿಗೆ. ಅಂಥ ದಲಾಲ ರೈತನಿಗೆ ಪೇಟೆಯ ಬುದ್ಧಿ ಹೇಳಿದರೆ, ಹೆಚ್ಚು ಸಲ ಮಾಲು ತಾ ಎನ್ನುವ ಆಸೆ ಅದರಲ್ಲಿ ಇದ್ದೇ ಇರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅವನ ಮಾತು ಕೇಳಬಹುದು. ಆದರೆ ದಲಾಲನೇ ಎದುರು ಕೂತು ತನ್ನ ಸ್ವಂತಕ್ಕೆ ಮಾಲು ಕೊಳ್ಳುವವನಾದರೆ? ಆಗ ರೈತನಿಗೆ ಕಡಿಮೆಯಾದ ಪ್ರತಿ ರೂಪಾಯಿಯೂ ಅವನ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಹೊರದೇಶದ ಅನೇಕ ಫಾರೆಕ್ಸ್ ಕಂಪನಿಗಳ ವ್ಯವಹಾರ ಈ ಎರಡನೆಯ ಬಗೆಯದು. ಗಿರಾಕಿ ಕೊಂಡರೆ ಕಂಪನಿಯೇ ಮಾರುತ್ತದೆ, ಗಿರಾಕಿ ಸೋತರೆ ಆ ಸೋಲೇ ಕಂಪನಿಯ ಆದಾಯ. ಅಂಥವರು ಉಚಿತವಾಗಿ ಪಾಠ ಹೇಳಲು ಬಂದಾಗ ಪಾಠದ ಗುಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: ನಾನು ಗೆದ್ದರೆ ನಿಮಗೆಷ್ಟು, ಸೋತರೆ ನಿಮಗೆಷ್ಟು? ನಾನು ನೋಡಿದ ಹೊರದೇಶದ ಕಂಪನಿಗಳ ಯಾವ ಪಾಠದಲ್ಲೂ ಇದಕ್ಕೆ ನೇರ ಉತ್ತರ ಸಿಗಲಿಲ್ಲ.

ಪಾಠ ಒಳ್ಳೆಯದಾಗಿದ್ದ ಮಾತ್ರಕ್ಕೆ ಅಂಗಡಿ ಒಳ್ಳೆಯದಾಗಿರುತ್ತದೆ ಎನ್ನಲಾಗದು ಎಂಬುದಕ್ಕೆ ಎಫ್‌ಎಕ್ಸ್‌ಸಿಎಂ ಕಂಪನಿಯ ಕಥೆಯಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಈ ಬ್ರೋಕರ್ ಕಂಪನಿ ಡೈಲಿಎಫ್‌ಎಕ್ಸ್ ಎಂಬ ಹೆಸರಿನಲ್ಲಿ ಉಚಿತ ಶಿಕ್ಷಣ ನಡೆಸುತ್ತಿತ್ತು. ತನ್ನ ಗಿರಾಕಿಗಳ 4 ಕೋಟಿ 30 ಲಕ್ಷ ವಹಿವಾಟುಗಳನ್ನು ಸೋಸಿ ಅದು ಹೊರತಂದ ಪಾಠ ಇಂದಿಗೂ ಬೆಲೆಯುಳ್ಳದ್ದು. ಅರ್ಧಕ್ಕಿಂತ ಹೆಚ್ಚು ವಹಿವಾಟುಗಳಲ್ಲಿ ಗಿರಾಕಿಗಳು ಗೆದ್ದಿದ್ದರು, ಆದರೂ ಒಟ್ಟಿನಲ್ಲಿ ದುಡ್ಡು ಕಳೆದುಕೊಂಡಿದ್ದರು. ಗೆದ್ದಾಗ ಸಣ್ಣ ಲಾಭಕ್ಕೇ ಹೊರಬಂದು, ಸೋತಾಗ ಇವತ್ತಲ್ಲ ನಾಳೆ ತಿರುಗೀತು ಎಂದು ಕಾದು ಕೂತದ್ದೇ ಕಾರಣ. ಮನುಷ್ಯನ ಸ್ವಭಾವವನ್ನು ಇಷ್ಟು ನೇರವಾಗಿ ತೋರಿಸಿದ ಬ್ರೋಕರ್ ಪಾಠ ಅಪರೂಪ. ಆದರೆ ಅದೇ ಕಂಪನಿಯನ್ನು 2017ರ ಫೆಬ್ರವರಿಯಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ 70 ಲಕ್ಷ ಡಾಲರ್ ದಂಡ ಹಾಕಿ ಅಲ್ಲಿನ ಪೇಟೆಯಿಂದ ಹೊರಗಟ್ಟಿತು. ನಿಮ್ಮ ಆರ್ಡರಿನ ಎದುರು ನಮ್ಮ ಹಿತಾಸಕ್ತಿ ಇಲ್ಲ ಎಂದು ಗಿರಾಕಿಗಳಿಗೆ ಹೇಳಿ, ಎದುರು ಕೂತ ಮಾರ್ಕೆಟ್ ಮೇಕರ್ ಜೊತೆಗಿನ ನಂಟನ್ನು ಮುಚ್ಚಿಟ್ಟದ್ದು ಆರೋಪ.

ಈಗ ಕಾನೂನಿನ ಮಾತು. ನಮ್ಮ ದೇಶದಲ್ಲಿ ಕರೆನ್ಸಿ ವಹಿವಾಟಿಗೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ 1999ರ ಫೆಮಾ, ಬೇಲಿ ಹಾಕಿದೆ. ಅಧಿಕೃತ ಬ್ಯಾಂಕು, ವಿನಿಮಯದಾರರ ಮೂಲಕ, ಇಲ್ಲವೇ ರಿಸರ್ವ್ ಬ್ಯಾಂಕು ಒಪ್ಪಿದ ವೇದಿಕೆಗಳಲ್ಲಿ, ಎನ್‌ಎಸ್‌ಇ, ಬಿಎಸ್‌ಇ, ಎಂಎಸ್‌ಇ ಎಂಬ ಷೇರುಪೇಟೆಗಳಲ್ಲಿ ಮಾತ್ರ ವಹಿವಾಟು ಮಾಡಬಹುದು. ವಿದೇಶಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸಲು ಅವಕಾಶ ಕೊಡುವ ಎಲ್‌ಆರ್‌ಎಸ್ ಯೋಜನೆ ಇದೆಯಲ್ಲ ಎಂದು ಕೆಲವು ವೆಬಿನಾರ್‌ಗಳಲ್ಲಿ ಹೇಳುತ್ತಾರೆ. ಆ ಯೋಜನೆಯಡಿ ಹೊರದೇಶದ ಮಾರ್ಜಿನ್ ವಹಿವಾಟಿಗೆ ಹಣ ಕಳಿಸುವಂತಿಲ್ಲ ಎಂಬ ಭಾಗವನ್ನು ಹೇಳುವುದಿಲ್ಲ. 2022ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹೊರಡಿಸಿ, ಆಮೇಲೆ ಅದನ್ನು ಬೆಳೆಸುತ್ತ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಒಪ್ಪಿಗೆ ಇದೆ ಎಂದಲ್ಲ ಎಂಬುದನ್ನೂ ಅದು ಬರೆದಿದೆ. ಬೇಲಿ ದಾಟಿದರೆ ತಪ್ಪು ಹೂಡಿಕೆದಾರನ ಮೇಲೂ ಬರುತ್ತದೆ. ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡಕ್ಕೆ ಫೆಮಾದಲ್ಲಿ ಅವಕಾಶವಿದೆ. ದುಡ್ಡು ಕಳೆದುಕೊಂಡವನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹೆದರುವುದು ಇದರಿಂದಲೇ, ಮೋಸಗಾರರಿಗೆ ಧೈರ್ಯ ಬರುವುದೂ ಇದರಿಂದಲೇ.

ಪುಣೆಯಲ್ಲಿ ಆ ಮೆಟ್ಟಿಲು ಹತ್ತಿದವರಿದ್ದಾರೆ. ಆಕ್ಟಾಎಫ್‌ಎಕ್ಸ್ ಎಂಬ ವೇದಿಕೆಯ ಮೇಲೆ ಜಾರಿ ನಿರ್ದೇಶನಾಲಯ ನಡೆಸುತ್ತಿರುವ ದೊಡ್ಡ ತನಿಖೆಗೆ ಮೂಲ ಇಲ್ಲಿನ ಶಿವಾಜಿನಗರ ಠಾಣೆಯಲ್ಲಿ ದಾಖಲಾದ ಒಂದು ದೂರು. 2021ರಲ್ಲಿ ಐಪಿಎಲ್‌ನ ಡೆಲ್ಲಿ ಕ್ಯಾಪಿಟಲ್ಸ್ ತಂಡದ ಪ್ರಾಯೋಜಕರಲ್ಲಿ ಒಂದಾಗಿದ್ದ ಹೆಸರು ಅದು. ರಿಸರ್ವ್ ಬ್ಯಾಂಕಿನ ಎಚ್ಚರಿಕೆ ಪಟ್ಟಿಯಲ್ಲೂ ಇದೆ. 2022ರ ಜುಲೈಯಿಂದ 2023ರ ಏಪ್ರಿಲ್‌ವರೆಗೆ ಭಾರತದ ಹೂಡಿಕೆದಾರರಿಗೆ 1,875 ಕೋಟಿ ರೂಪಾಯಿ ವಂಚನೆಯಾಗಿದೆ, ವೇದಿಕೆಯೊಳಗೆ ಬೆಲೆ ಮತ್ತು ವಹಿವಾಟನ್ನು ತಿರುಚಿ ಗಿರಾಕಿಗಳನ್ನು ಸೋಲಿಸಲಾಗಿದೆ ಎಂಬುದು ಜಾರಿ ನಿರ್ದೇಶನಾಲಯದ ಆರೋಪ. ಪುಣೆಯದೇ ವಿಪ್ಸ್ ಗ್ರೂಪ್ ಮತ್ತು ಅದರ ಜೊತೆಗಿದ್ದ ಕಾನಾ ಕ್ಯಾಪಿಟಲ್ ಎಂಬ ಫಾರೆಕ್ಸ್ ವೇದಿಕೆಯ ಮೇಲೂ 2023ರಲ್ಲಿ ಶೋಧ ನಡೆಯಿತು. ಈ ಪ್ರಕರಣಗಳ ತೀರ್ಪು ನ್ಯಾಯಾಲಯ ಹೇಳಬೇಕು. ಆದರೆ ಕ್ರಿಕೆಟ್ ಅಂಗಿಯ ಮೇಲಿನ ಹೆಸರನ್ನು ಪರವಾನಗಿ ಎಂದು ಓದಿದ ಹುಡುಗರು ಈ ಊರಿನಲ್ಲಿ ಒಬ್ಬಿಬ್ಬರಲ್ಲ. "ಟಿವಿಯೊಳಗ ಬರ್ತೈತಲ್ಲ ಕಾಕಾ" ಎಂದು ಅಣ್ಣನ ಮಗನ ಗೆಳೆಯನೇ ನನಗೆ ಹೇಳಿದ್ದ.

ಭಾರತದ ನೋಂದಾಯಿತ ಬ್ರೋಕರುಗಳ ಪಾಠಗಳ ಮಾತು ಬೇರೆ. ಇಲ್ಲಿ ಕರೆನ್ಸಿ ಫ್ಯೂಚರ್ಸ್, ಅಂದರೆ ಮುಂದಿನ ದಿನಕ್ಕೆ ಇಂದೇ ಬೆಲೆ ಕಟ್ಟುವ ಒಪ್ಪಂದ, ಶುರುವಾದದ್ದು 2008ರ ಆಗಸ್ಟ್ 29ರಂದು, ಎನ್‌ಎಸ್‌ಇಯಲ್ಲಿ. ಡಾಲರ್–ರೂಪಾಯಿಯ ಒಂದು ಲಾಟ್ ಎಂದರೆ 1,000 ಡಾಲರ್. ಬೆಲೆ ಒಂದು ಪೈಸೆ ಸರಿದರೆ ಒಂದು ಲಾಟಿಗೆ ಹತ್ತು ರೂಪಾಯಿ. ಈ ಅಳತೆ ಪುಟ್ಟದು, ಪಾರದರ್ಶಕ, ಎದುರಿನವನು ಸೋತು ಓಡಿಹೋದರೂ ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ನಿಂತಿರುತ್ತದೆ. ಬ್ರೋಕರನ ಕಚೇರಿಯಲ್ಲಿ ಈ ವಿಭಾಗದ ಆರ್ಡರ್ ಹಾಕುವವರು ಷೇರುಪೇಟೆಯ ನಿಯಂತ್ರಕ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆ ಪಾಸಾಗಿರಬೇಕು. ಬೆಂಗಳೂರಿನ ಜೆರೋಧಾ ತನ್ನ ವಾರ್ಸಿಟಿಯಲ್ಲಿ ಕರೆನ್ಸಿಯ ಬಗ್ಗೆ ಉಚಿತ ಪಾಠಮಾಲೆಯನ್ನೇ ಇಟ್ಟಿದೆ. ಓದಿ ತಿಳಿಯುವವರಿಗೆ ಅಂಥದ್ದು ವೆಬಿನಾರ್‌ಗಿಂತ ಮೇಲು ಎಂದೇ ನನ್ನ ಎಣಿಕೆ. ಓದುವಾಗ ನಿಂತು ಯೋಚಿಸಬಹುದು, ಹಿಂದಿನ ಪುಟಕ್ಕೆ ಹೋಗಬಹುದು. ಪರದೆಯ ಮೇಲೆ "ಇನ್ನು ಹತ್ತು ನಿಮಿಷ ಮಾತ್ರ" ಎಂದು ಗಡಿಯಾರ ಓಡುವುದಿಲ್ಲ.

ಆದರೆ ಇಲ್ಲೂ ಒಂದು ತೊಡಕು ಇದೆ, ಬಹಳ ಜನರಿಗೆ ಇನ್ನೂ ತಲುಪಿಲ್ಲ. 2024ರ ಜನವರಿ 5ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಒಂದು ಮಾತು ಖಚಿತಪಡಿಸಿತು. ರೂಪಾಯಿ ಸೇರಿರುವ ಕರೆನ್ಸಿ ಡೆರಿವೇಟಿವ್ ವಹಿವಾಟಿಗೆ ನಿಜವಾದ ವಿದೇಶಿ ವಿನಿಮಯದ ಅಗತ್ಯ ಹಿಂದೆ ಇರಬೇಕು. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲ, ಆದರೆ ಅಗತ್ಯ ಇರಲೇಬೇಕು. ಜಾರಿಯ ದಿನ ಏಪ್ರಿಲ್ 5ರಿಂದ ಮೇ 3ಕ್ಕೆ ಹೋಯಿತು, ಅಷ್ಟೇ. ಅಂದರೆ ಆಮದು–ರಫ್ತು ಇಲ್ಲದ, ಹೊರದೇಶದಲ್ಲಿ ಓದುವ ಮಕ್ಕಳಿಲ್ಲದ ಒಬ್ಬ ಸಂಬಳದಾರ, ಸಂಜೆಯ ಹೆಚ್ಚುವರಿ ಆದಾಯಕ್ಕೆಂದು ಡಾಲರ್–ರೂಪಾಯಿ ಲಾಟ್ ಕೊಂಡು ಮಾರುವ ದಾರಿ ಮುಚ್ಚಿತು. ಷೇರುಪೇಟೆಗಳಲ್ಲಿ ಆ ವಿಭಾಗದ ವಹಿವಾಟು ಕುಸಿದುಬಿದ್ದದ್ದು ಇದರಿಂದ. ಆದರೂ 2021ರಲ್ಲೋ 2022ರಲ್ಲೋ ಮುದ್ರಿಸಿದ ಪಾಠಗಳು ಇವತ್ತಿಗೂ ಹಾಗೆಯೇ ಓಡುತ್ತಿವೆ. ಹೀಗಾಗಿ ಯಾವುದೇ ಕರೆನ್ಸಿ ಪಾಠದಲ್ಲಿ ನಾನು ಮೊದಲು ನೋಡುವುದು ಅದರ ದಿನಾಂಕ.

ಪಾಠದೊಳಗೆ ಇಳಿದರೆ ಮೊದಲು ಹುಡುಕಬೇಕಾದ್ದು ಲೆವರೇಜ್ ಭಾಗ. 1:500 ಎಂದರೆ ನಿಮ್ಮ 100 ಡಾಲರಿಗೆ 50,000 ಡಾಲರಿನ ವಹಿವಾಟು. ಬೆಲೆ ನಿಮ್ಮ ವಿರುದ್ಧ ಶೇ 0.2 ಸರಿದರೆ ನೂರೂ ಹೋಯಿತು. ಯೂರೋ–ಡಾಲರ್ ಒಂದೇ ಮಧ್ಯಾಹ್ನದಲ್ಲಿ ಅಷ್ಟು ಸರಿಯುವುದು ಮಾಮೂಲು. ಬೆಲೆ ಅಲ್ಲಾಡದೆ ನಿಂತರೂ ದುಡ್ಡು ಕರಗುತ್ತದೆ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ, ಅಂದರೆ ಸ್ಪ್ರೆಡ್, ಒಂದೇ ಪಿಪ್ (ಬೆಲೆಯ ನಾಲ್ಕನೆಯ ದಶಮಾಂಶದ ಒಂದು ಹೆಜ್ಜೆ) ಎಂದಿಟ್ಟುಕೊಳ್ಳಿ, ಯೂರೋಗೆ 1.10 ಡಾಲರ್ ಬೆಲೆಯಲ್ಲಿ 50,000 ಡಾಲರಿನ ವಹಿವಾಟಿಗೆ ಅದು ನಾಲ್ಕೂವರೆ ಡಾಲರ್. ಒಂದು ಸಲ ಒಳಗೆ ಹೋಗಿ ಹೊರಗೆ ಬಂದರೆ ಬಂಡವಾಳದ ಶೇ 4.5 ಖರ್ಚು, ಇಪ್ಪತ್ತೆರಡು ಸಲ ಹೋಗಿಬಂದರೆ ಹೆಚ್ಚುಕಡಿಮೆ ಇಡೀ ಬಂಡವಾಳ. ಈ ಲೆಕ್ಕವನ್ನು ಅಣ್ಣನ ಮಗನ ಎದುರಿಗೇ ಹಳೆಯ ಬಿಲ್ಲೊಂದರ ಹಿಂಬದಿಯಲ್ಲಿ ಬರೆದು ತೋರಿಸಿದೆ. ಎರಡು ಸಲ ತಾನೇ ಗುಣಿಸಿ ನೋಡಿದ. ಸಾಫ್ಟ್‌ವೇರ್ ಬರೆಯುವ ಹುಡುಗ, ಗಣಿತಕ್ಕೆ ಹೆದರುವವನಲ್ಲ. ಆ ಒಂದು ತಾಸಿನಲ್ಲಿ ಯಾರೂ ಅವನ ಕೈಯಿಂದ ಈ ಗುಣಾಕಾರ ಮಾಡಿಸಿರಲಿಲ್ಲ, ಅಷ್ಟೇ.

ಲೆವರೇಜ್‌ಗೆ ಕಡಿವಾಣ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಅಮೆರಿಕ 2010ರಲ್ಲಿ ಸಣ್ಣ ಹೂಡಿಕೆದಾರರಿಗೆ ಮುಖ್ಯ ಕರೆನ್ಸಿಗಳ ಮೇಲೆ 50:1ರ ಮಿತಿ ಹಾಕಿತು. ಹೈಮರ್ ಮತ್ತು ಸಿಮ್ಸೆಕ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪರಿಶೀಲಿಸಿ, ಅತಿ ಹೆಚ್ಚು ಲೆವರೇಜ್ ಬಳಸುತ್ತಿದ್ದವರ ನಷ್ಟ ಸುಮಾರು ಶೇ 40 ಕಡಿಮೆಯಾಯಿತು ಎಂದು 2019ರಲ್ಲಿ ಬರೆದರು. ಯುರೋಪಿನ ನಿಯಂತ್ರಕ ಸಂಸ್ಥೆ ಎಸ್ಮಾ 2018ರಲ್ಲಿ ಲೆವರೇಜನ್ನು 30:1ಕ್ಕೆ ಇಳಿಸಿತು. ಸಣ್ಣ ಗಿರಾಕಿಗಳ ಖಾತೆಗಳಲ್ಲಿ ಶೇ 74ರಿಂದ 89ರಷ್ಟು ನಷ್ಟದಲ್ಲಿವೆ ಎಂದು ಹೇಳಿ, ಪ್ರತಿ ಕಂಪನಿಯೂ ತನ್ನ ಗಿರಾಕಿಗಳಲ್ಲಿ ಎಷ್ಟು ಪಾಲು ಸೋಲುತ್ತಾರೆಂಬ ಅಂಕಿಯನ್ನು ಜಾಹೀರಾತಿನಲ್ಲೇ ಹಾಕಬೇಕೆಂದು ಕಡ್ಡಾಯ ಮಾಡಿತು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಶೈಕ್ಷಣಿಕ ಕ್ರಮ ಇಲ್ಲ. ಅದೇ ಕಂಪನಿಗಳು ದ್ವೀಪದೇಶಗಳಲ್ಲಿ ನೋಂದಾಯಿಸಿದ ಶಾಖೆಯಿಂದ ನಮ್ಮ ಹುಡುಗರಿಗೆ ಪಾಠ ಹೇಳುವಾಗ ಆ ಅಂಕಿ ಮಾಯವಾಗುವುದನ್ನು ಕಂಡು ನನಗೆ ಸಿಟ್ಟು ಬಂದಿದೆ.

ಪಾಠ ಕೇಳಿದವರು ನಿಜವಾಗಿ ಕಲಿಯುತ್ತಾರೆಯೇ? ಕರೆನ್ಸಿ ವಹಿವಾಟುದಾರರನ್ನೇ ಹಿಂಬಾಲಿಸಿ ನೋಡಿದ ಹೇಲಿ ಮತ್ತು ಮಾರ್ಷ್ 2016ರಲ್ಲಿ ಕೊಟ್ಟ ಉತ್ತರ ಬೇಸರದ್ದು: ಅನುಭವ ಹೆಚ್ಚಾದಂತೆ ವಹಿವಾಟಿನ ಕೌಶಲ ಹೆಚ್ಚಾಗುವುದಕ್ಕೆ ಪುರಾವೆ ಸಿಗಲಿಲ್ಲ, ತನಗೆ ಇದು ಆಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಜನ ಕಲಿಯುತ್ತಾರೆ. ಬ್ರೆಜಿಲ್‌ನ ಷೇರು ಸೂಚ್ಯಂಕ ಫ್ಯೂಚರ್ಸ್‌ನಲ್ಲಿ 300 ದಿನಕ್ಕೂ ಹೆಚ್ಚು ಕಾಲ ದಿನವಹಿ ವಹಿವಾಟು ಮಾಡಿದವರಲ್ಲಿ ಶೇ 97ರಷ್ಟು ಜನ ಕಳೆದುಕೊಂಡರು ಎಂದು ಇನ್ನೊಂದು ಅಧ್ಯಯನ ಹೇಳಿತು. ನಮ್ಮಲ್ಲೇ ಸೆಬಿ 2024ರ ಸೆಪ್ಟೆಂಬರಿನಲ್ಲಿ, ಷೇರುಗಳ ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ ಮೂರು ವರ್ಷದಲ್ಲಿ ಶೇ 93ರಷ್ಟು ವ್ಯಕ್ತಿಗಳು ಸೋತರು, ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ ಎಂದು ಲೆಕ್ಕ ಕೊಟ್ಟಿತು. ಹಾಗೆಂದು ಹಣಕಾಸಿನ ಶಿಕ್ಷಣವೇ ವ್ಯರ್ಥವೆಂದು ನಾನು ಹೇಳುವುದಿಲ್ಲ. ಉಳಿತಾಯ, ಸಾಲ, ಬಜೆಟ್ಟಿನ ವಿಷಯದಲ್ಲಿ ಅದರಿಂದ ಗುಣವಿದೆ ಎಂದು 76 ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನ 2022ರಲ್ಲಿ ತೋರಿಸಿದೆ. ದಿನವಹಿ ಊಹೆಯ ವಹಿವಾಟಿನಲ್ಲಿ ಗೆಲ್ಲುವ ಶಿಕ್ಷಣ ಎಂಬುದಕ್ಕೆ ಮಾತ್ರ ಆ ಬೆಂಬಲ ಇಲ್ಲ.

ನಕಲಿ ದುಡ್ಡಿನಲ್ಲಿ ಅಭ್ಯಾಸ ಮಾಡಿಸುವ ಡೆಮೊ ಖಾತೆಯ ಬಗ್ಗೆ ಒಂದೇ ಮಾತು. ಗುಂಡಿಗಳು ಎಲ್ಲಿವೆ ಎಂದು ತಿಳಿಯಲು ಅದು ಸಾಕು. ಸ್ವಂತ ಸಂಬಳದ ದುಡ್ಡು ಕರಗುವಾಗ ಕೈ ಹೇಗೆ ನಡುಗುತ್ತದೆ ಎಂಬುದನ್ನು ಅದು ಕಲಿಸದು.

ಶಿಕ್ಷಣದ ಹೆಸರಿನಲ್ಲಿ ಶಿಫಾರಸು ಮಾರುವುದನ್ನು ಸೆಬಿ ತಡವಾಗಿಯಾದರೂ ಹಿಡಿಯತೊಡಗಿದೆ. 2023ರ ಅಕ್ಟೋಬರಿನಲ್ಲಿ "ಬಾಪ್ ಆಫ್ ಚಾರ್ಟ್" ಹೆಸರಿನ ತರಗತಿ ನಡೆಸುತ್ತಿದ್ದವರಿಗೆ, ಪಾಠದ ನೆಪದಲ್ಲಿ ಷೇರು ಸಲಹೆ ಕೊಟ್ಟು ಸಂಗ್ರಹಿಸಿದ್ದೆನ್ನಲಾದ 17.2 ಕೋಟಿ ರೂಪಾಯಿ ಕಟ್ಟಿಡಲು ಆದೇಶಿಸಿತು. 2025ರ ಜನವರಿಯ ಸುತ್ತೋಲೆ ಇನ್ನೂ ಮುಂದೆ ಹೋಗಿ, ಬರೀ ಶಿಕ್ಷಣ ಕೊಡುತ್ತೇವೆ ಎನ್ನುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಮುಂದಿನ ಬೆಲೆ ಸೂಚಿಸುವಂತಿಲ್ಲ ಎಂದಿತು. ಇದರಲ್ಲಿ ಕೇಳುಗನಿಗೂ ಒಂದು ಒರೆಗಲ್ಲು ಇದೆ. ನಿಜವಾದ ಪಾಠಕ್ಕೆ ಹಳೆಯ ಚಾರ್ಟ್ ಸಾಕು. ಸ್ವಿಸ್ ರಾಷ್ಟ್ರೀಯ ಬ್ಯಾಂಕು 2015ರ ಜನವರಿ 15ರಂದು ಯೂರೋಗೆ 1.20 ಫ್ರಾಂಕಿನ ತಡೆಯನ್ನು ಏಕಾಏಕಿ ತೆಗೆದಾಗ ಏನಾಯಿತೆಂದು ಯಾರಾದರೂ ಒಂದು ತಾಸು ಪಾಠ ಮಾಡಿದರೆ ನಾನು ದುಡ್ಡು ಕೊಟ್ಟು ಕೇಳುತ್ತೇನೆ. ಇಷ್ಟಕ್ಕಿಂತ ನಷ್ಟ ಬೇಡ ಎಂದು ಸ್ಟಾಪ್ ಲಾಸ್ ಹಾಕಿದ್ದವರಿಗೂ ಅಂದು ಹಾಕಿದ ಬೆಲೆ ಸಿಗಲಿಲ್ಲ. ಖಾತೆಗಳು ಸೊನ್ನೆಗಿಂತ ಕೆಳಗೆ ಹೋದವು. ಎಫ್‌ಎಕ್ಸ್‌ಸಿಎಂ ಗಿರಾಕಿಗಳ ಬಾಕಿ ಸುಮಾರು 22.5 ಕೋಟಿ ಡಾಲರ್ ಆಯಿತು, ಅಲ್ಪಾರಿಯ ಲಂಡನ್ ಕಂಪನಿ ದಿವಾಳಿಯೆದ್ದಿತು. ನಾನು ಕೇಳಿದ ಯಾವ ವೆಬಿನಾರ್‌ನಲ್ಲೂ ಆ ದಿನದ ಹೆಸರೆತ್ತಲಿಲ್ಲ.

ಪುಣೆಯೇನು ಹಣಕಾಸಿನ ವಿದ್ಯೆಗೆ ಬಡ ಊರಲ್ಲ. ಕೊಂಢವಾದ ರಾಷ್ಟ್ರೀಯ ಬ್ಯಾಂಕ್ ನಿರ್ವಹಣಾ ಸಂಸ್ಥೆ 1969ರದ್ದು. ರಿಸರ್ವ್ ಬ್ಯಾಂಕಿನ ಕೃಷಿ ಬ್ಯಾಂಕಿಂಗ್ ಕಾಲೇಜು ಕೂಡ ಆ ವರ್ಷದ್ದೇ. ವಿದೇಶಿ ವಿನಿಮಯದ ಅಪಾಯವನ್ನು ಅಳೆಯಬಲ್ಲವರು ಈ ಊರಲ್ಲಿ ನೂರಾರು ಜನ ನಿವೃತ್ತರಾಗಿ ಕೂತಿದ್ದಾರೆ, ಅವರಲ್ಲಿ ಕನ್ನಡದವರೂ ಇದ್ದಾರೆ. ಪುಣೆ ಕನ್ನಡ ಸಂಘದಂಥ ಸಂಸ್ಥೆ ಒಂದು ಭಾನುವಾರ ಅಂಥವರೊಬ್ಬರನ್ನು ಕರೆಸಿ, ಹಿಂಜವಡಿಯ, ಮಗರಪಟ್ಟಾದ ನಮ್ಮ ಹುಡುಗ–ಹುಡುಗಿಯರಿಗೆ ಈ ಬಿಲ್ಲಿನ ಹಿಂಬದಿಯ ಲೆಕ್ಕವನ್ನು ಮಾಡಿಸಿದರೆ ಎಷ್ಟು ಮನೆಗಳ ದುಡ್ಡು ಉಳಿದೀತು! ರಿಸರ್ವ್ ಬ್ಯಾಂಕಿನ ಎಚ್ಚರಿಕೆ ಕನ್ನಡದಲ್ಲೂ ಬರುತ್ತದೆ. ಆದರೆ ವೆಬಿನಾರ್ ಹುಡುಗ ಹೆಸರು ಹಿಡಿದು ಮಾತಾಡಿಸುತ್ತಾನೆ, ಹುಟ್ಟುಹಬ್ಬಕ್ಕೆ ಮೆಸೇಜ್ ಹಾಕುತ್ತಾನೆ. ಆ ಆಪ್ತತೆಗೆ ಎದುರಾಗಿ ನಿಲ್ಲಲು ನಮ್ಮವರೇ ಯಾರಾದರೂ ಎದುರು ಕೂತು ಮಾತಾಡಬೇಕು.

ಇತ್ತೀಚೆಗೆ ಅಣ್ಣನ ಮಗನಿಗೆ ನಿಜವಾದ ಕರೆನ್ಸಿ ಪಾಠವೊಂದು ತಾನಾಗಿ ಒದಗಿತು. ತಂಗಿಗೆ ಅಮೆರಿಕದಲ್ಲಿ ಸೀಟು ಸಿಕ್ಕಿ, ಮೊದಲ ಕಂತಿಗೆ 20,000 ಡಾಲರ್ ಕಳಿಸಬೇಕಾಯಿತು. ಬ್ಯಾಂಕು ಹೇಳಿದ ದರಕ್ಕೂ ಪೇಟೆಯ ದರಕ್ಕೂ ಇರುವ ಅಂತರವನ್ನು ಅವನು ಮೊದಲ ಸಲ ಗಮನಿಸಿದ. ಸಣ್ಣ ಗಿರಾಕಿಗಳೂ ಪೇಟೆಯ ದರದಲ್ಲೇ ಡಾಲರ್ ಕೊಳ್ಳಲೆಂದು ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರ ಆಗಸ್ಟ್‌ನಲ್ಲಿ ಶುರುಮಾಡಿದ ಎಫ್‌ಎಕ್ಸ್–ರಿಟೇಲ್ ವೇದಿಕೆಯ ಬಗ್ಗೆ ಹೇಳಿದೆ. ಶಾಖೆಯಲ್ಲಿ ವಿಚಾರಿಸಿದರೆ ಕೌಂಟರಿನವರಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಎರಡು ದಿನ ಬಿಡದೆ ಓಡಾಡಿ, ಫಾರ್ಮ್ ತರಿಸಿಕೊಂಡ. ಡಾಲರಿಗೆ ಐವತ್ತು ಪೈಸೆ ಉಳಿದರೂ ಹತ್ತು ಸಾವಿರ ರೂಪಾಯಿ ಎಂದು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದಾಗ, ಮೇಲಿಂದ ಒಂದು ಸಂದೇಶ ಇಳಿದು ಬಂತು: ಇವತ್ತು ರಾತ್ರಿ ಎಂಟೂವರೆಗೆ ಉಚಿತ ಲೈವ್ ಸೆಷನ್. ಅದನ್ನು ಬೆರಳಿಂದ ಪಕ್ಕಕ್ಕೆ ತಳ್ಳಿ, "ಕಾಕಾ, ಈ ಫಾರ್ಮಿನಾಗ ಪರ್ಪಸ್ ಕೋಡ್ ಅಂದ್ರ ಏನು ಬರೀಲಿ?" ಎಂದು ಕೇಳಿದ.